ಕನ್ನಡದಲ್ಲಿ ಸಿ ಕಲಿಯಲು ಸ್ಪೋಕನ್ ಟ್ಯುಟೋರಿಯಲ್: ಬಹುಕಾಲ ಬಳಸಿದ ಮೇಲೆ

ಐಐಟಿ ಬಾಂಬೆಯ ವಿಡಿಯೊ ಪಾಠಗಳಾದ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಸಿ ಪ್ರೋಗ್ರಾಮಿಂಗ್ ಭಾಷೆಯ ಸರಣಿ ಪುಕ್ಕಟೆ. ಧ್ವನಿ ಕನ್ನಡ, ಪರದೆ ಇಂಗ್ಲಿಷಿನದೇ. ಹಾಸನದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಗೋ ಬಿಸಿಎಗೋ ಸೇರಿದವರಿಗೆ ಮೊದಲು ಇದನ್ನೇ ನೋಡಿ ಅನ್ನುತ್ತೇನೆ.

ಒಂದೊಂದು ವಿಡಿಯೊ ಹತ್ತು ನಿಮಿಷದ ಆಸುಪಾಸು. ಸುಮ್ಮನೆ ನೋಡಿದರೆ ತಲೆಗೆ ಹತ್ತುವುದಿಲ್ಲ. ಎಡಕ್ಕೆ ವಿಡಿಯೊ, ಬಲಕ್ಕೆ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಇಟ್ಟು, ನಿಲ್ಲಿಸಿ ನಿಲ್ಲಿಸಿ ಜೊತೆಯಲ್ಲೇ ಟೈಪ್ ಮಾಡಬೇಕು. ಸಕಲೇಶಪುರ, ಮೂಡಿಗೆರೆಯ ತೋಟದ ಮನೆಗಳಲ್ಲಿ ಮಳೆಗಾಲದ ನೆಟ್‌ವರ್ಕ್ ನಂಬುವ ಹಾಗಿಲ್ಲವಲ್ಲ, ಅಂಥವರು ಪೇಟೆಯಲ್ಲಿದ್ದಾಗಲೇ ಸೈಟಿನಲ್ಲಿ ವಿಷಯ, ಭಾಷೆ ಆರಿಸಿ ಇಡೀ ಸರಣಿಯನ್ನು ಜಿಪ್ ಮಾಡಿ ಇಳಿಸಿಕೊಳ್ಳಿ. ವಿಎಲ್‌ಸಿಯಲ್ಲಿ ಓಡುತ್ತದೆ.

ವಿಡಿಯೊ ಹಳೆಯದು: ಆಪರೇಟಿಂಗ್ ಸಿಸ್ಟಂ ಉಬುಂಟು 11.10, ಕಂಪೈಲರ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ತಂತ್ರಾಂಶ) ಜಿಸಿಸಿ 4.6.1. ಕಮಾಂಡ್‌ಗಳು ಇವತ್ತಿಗೂ ಅವೇ. ಆದರೆ ಹೆಡರ್ (ಫಂಕ್ಷನ್ನಿನ ಪರಿಚಯ ಇರುವ ಫೈಲು) ಸೇರಿಸದೆ ಫಂಕ್ಷನ್ ಕರೆದರೆ ಆಗಿನ ಜಿಸಿಸಿ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿತ್ತು. 2024ರಲ್ಲಿ ಬಂದ ಜಿಸಿಸಿ 14ರಿಂದ ಅದು ನೇರ ಎರರ್. ವಿಂಡೋಸ್‌ನವರು ಕೋಡ್‌ಬ್ಲಾಕ್ಸ್ ಎಂಬ ಎಡಿಟರ್ ಹಾಕುವಾಗ ಹೆಸರಿನಲ್ಲಿ ಮಿಂಜಿಡಬ್ಲ್ಯು (mingw) ಇರುವ ಫೈಲನ್ನೇ ಇಳಿಸಿ. ಇಲ್ಲದಿದ್ದರೆ ಎಡಿಟರ್ ಬರುತ್ತದೆ, ಕಂಪೈಲರ್ ಬರುವುದಿಲ್ಲ.

ಹಳೆಯ ಕಂಪೈಲರ್ ಟರ್ಬೊ ಸಿಯ ನೀಲಿ ಪರದೆಯಲ್ಲಿ ಕಲಿತವರಿಗೆ ಗೊಂದಲ ಜಾಸ್ತಿ. ಅಲ್ಲಿ ಇಂಟ್ (ಪೂರ್ಣಾಂಕ ಇಡುವ ಜಾಗ) 16 ಬಿಟ್, ಮಿತಿ 32767. ಎರಡು ಇಂಟ್‌ಗಳಲ್ಲಿ 200 ಇಟ್ಟು ಗುಣಿಸಿದರೆ ಉತ್ತರ ಮಿತಿ ಮೀರಿ -25536 ಬರುತ್ತದೆ. ಅದೇ ಸಾಲು ಈಗಿನ ಪಿಸಿಯ ಜಿಸಿಸಿಯಲ್ಲಿ 40000. ಟರ್ಬೊ ಸಿಯಲ್ಲಿ ಬಳಸುವ ಕ್ಲಿಯರ್‌ಸ್ಕ್ರೀನ್ (clrscr), ಗೆಟ್‌ಸಿಎಚ್ (getch) ಸಾಲುಗಳನ್ನು ಉಬುಂಟುವಿನಲ್ಲಿ ತೆಗೆದೇ ಹಾಕಬೇಕು.

ಜೊತೆಗೊಂದು ಅಭ್ಯಾಸ ಬೇಕು: ಪ್ರತಿ ಸಲ ಜಿಸಿಸಿಗೆ ಡ್ಯಾಶ್ ಡಬ್ಲ್ಯು-ಆಲ್ (-Wall, ಎಚ್ಚರಿಕೆಗಳನ್ನು ತೋರಿಸು ಎಂಬ ಸೂಚನೆ) ಕೊಡಿ. ಟೈಪ್ ಮಾಡಿದ್ದನ್ನು ಓದುವ ಫಂಕ್ಷನ್ ಸ್ಕ್ಯಾನ್‌ಎಫ್‌ನಲ್ಲಿ ಸಂಖ್ಯೆ ಓದುವಾಗ ಆಂಪರ್‌ಸ್ಯಾಂಡ್ (&) ಮರೆತರೆ ಪ್ರೋಗ್ರಾಂ ಸಾಮಾನ್ಯವಾಗಿ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ) ಎಂದು ಬೀಳುತ್ತದೆ. ಡಬ್ಲ್ಯು-ಆಲ್ ಕೊಟ್ಟಿದ್ದರೆ ಈ ತಪ್ಪನ್ನು ಕಂಪೈಲ್ ಆಗುವಾಗಲೇ ಹಿಡಿದುಕೊಡುತ್ತದೆ. ಆದರೆ ಸಂಖ್ಯೆ ಓದಿದ ಬೆನ್ನಿಗೇ ಅಕ್ಷರ ಓದಿದರೆ ಪ್ರೋಗ್ರಾಂ ಕಾಯದೆ ಮುಂದೆ ಓಡುವುದುಂಟು. ಅದಕ್ಕೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಸಂಖ್ಯೆಯ ನಂತರ ಒತ್ತಿದ ಎಂಟರ್ ಬಫರಿನಲ್ಲೇ (ಟೈಪ್ ಮಾಡಿದ್ದು ಕಾಯುವ ಜಾಗ) ಉಳಿದು, ಪರ್ಸೆಂಟ್-ಸಿ (%c, ಅಕ್ಷರ ಓದುವ ಸಂಕೇತ) ಅದನ್ನೇ ಅಕ್ಷರವೆಂದು ತೆಗೆದುಕೊಂಡಿರುತ್ತದೆ. ಪರ್ಸೆಂಟ್ ಚಿಹ್ನೆಗೆ ಮೊದಲು ಒಂದು ಸ್ಪೇಸ್ ಬಿಟ್ಟರೆ ಸರಿಹೋಗುತ್ತದೆ. ಲ್ಯಾಬ್ ಪರೀಕ್ಷೆಯಲ್ಲಿ ಕೈಕೊಡುವುದು ಹೆಚ್ಚಾಗಿ ಇದೇ.

ಪಾಯಿಂಟರ್‌ಗೆ (ಮೆಮೊರಿಯ ವಿಳಾಸ ಇಡುವ ವೇರಿಯಬಲ್) ಮಾತ್ರ ಈ ಸರಣಿ ಸಾಲದು. ಅಲ್ಲಿಗೆ ಬಂದಾಗ ಹಾರ್ವರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋರ್ಸು ಸಿಎಸ್50ರ ನಾಲ್ಕನೇ ವಾರ ನೋಡಿ; ಇಂಗ್ಲಿಷ್, ಆದರೆ ಮೆಮೊರಿಯ ಚಿತ್ರ ಬರೆದು ತೋರಿಸುತ್ತಾರೆ. ಇಂಗ್ಲಿಷ್ ಸಲೀಸಾಗಿ ಬರುವವರು ಮೊದಲಿನಿಂದಲೇ ಅದನ್ನು ಹಿಡಿಯಬಹುದು. ಒಂದೇ ತೊಡಕು, ಮೊದಲ ವಾರಗಳಲ್ಲಿ ಸ್ಕ್ಯಾನ್‌ಎಫ್ ಬದಲು ಅವರದೇ ಲೈಬ್ರರಿಯ ಗೆಟ್-ಇಂಟ್ ಬಳಸುತ್ತಾರೆ. ಅದು ನಮ್ಮ ಲ್ಯಾಬಿನ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಆರನೇ ವಾರಕ್ಕೆ ಕೋರ್ಸು ಪೈಥಾನ್‌ಗೆ ತಿರುಗುತ್ತದೆ; ಸಿ ಮಾತ್ರ ಬೇಕಿದ್ದವರು ಐದಕ್ಕೇ ನಿಲ್ಲಿಸಬಹುದು.