ಮುಧೋಳ ನಾಯಿಗೆ ಹಿತ್ತಲದಾಗ ಹುಲ್ಲೋ, ಫರ್ಸಿಯೋ, ಗರಸೋ?

ಅಕ್ಕಾರ, ವಿಜಯಪುರದ ಬ್ಯಾಸಗಿ 40 ಡಿಗ್ರಿ ದಾಟತೈತಿ, ಅದಕ್ಕ ರೊಕ್ಕಕ್ಕಿಂತ ಮೊದಲ ನಾಯಿ ಕಾಲು ಸುಡೂದನ್ನ ನೋಡ್ರಿ. ಶಹಾಬಾದ್ ಫರ್ಸಿ, ಅಂದ್ರ ನೆಲಕ್ಕ ಹಾಸೂ ಚಪ್ಪಡಿ ಕಲ್ಲು, ಒಮ್ಮೆ ಹಾಕ್ಸಿದ್ರ ವರ್ಷಗಟ್ಲೆ ಬಾಳತೈತಿ, ನೀರು ಹೊಡದು ಉಜ್ಜಿದ್ರ ಉಚ್ಚಿ ವಾಸನಿನೂ ಹೋಗತೈತಿ, ಆದ್ರ ಮಧ್ಯಾಹ್ನ ಕಾದ ಹೆಂಚಿನಂಗ ಆಗತೈತಿ, ಅಂಗೈ ಹಿಂಭಾಗ 7 ಸೆಕೆಂಡ್ ಇಡಾಕ ಆಗ್ಲಿಲ್ಲಂದ್ರ ನಾಯಿ ಕಾಲಿಗೂ ಆಗಂಗಿಲ್ಲ. ಪಾಲಿಶ್ ಮಾಡಿದ್ದು ಬ್ಯಾಡ್ರಿ, ಜಾರತೈತಿ.

ಹುಲ್ಲು ತಂಪು, ಓಡೂ ನಾಯಿಗೆ ಮೆತ್ತಗ. ಆದ್ರ ಉಚ್ಚಿಯೊಳಗಿನ ನೈಟ್ರೋಜನ್‌ಗೆ ಅಲ್ಲಲ್ಲೆ ಸುಟ್ಟು ಹಳದಿ ಆಗತೈತಿ, ಕೂಡ್ಲೆ ನೀರು ಹಾಕಿದ್ರ ಸ್ವಲ್ಪ ತಡೀತೈತಿ, ನೀರಿನ ತ್ರಾಸ ಇದ್ದ ಮನ್ಯಾಗ ಇದು ಕಷ್ಟ.

ಗರಸು, ಅಂದ್ರ ಸಣ್ಣ ಹಳ್ಳು ಕೂಡಿದ ಮಣ್ಣು, ಭಾಳ ಸೋವಿ, ಉಚ್ಚಿ ಕೆಳಗ ಇಳೀತೈತಿ, ಆದ್ರ ಕೆರಿಯೂ ನಾಯಿ ಇದ್ರ ಎರಡ ದಿನಕ್ಕ ಗುಂಡಿ, ಕೆಳಗ ಎರಿ ಮಣ್ಣಿದ್ರ ಮಳಿಗಾಲದಾಗ ರಾಡಿ, ಮರಿಗೋಳು ಹಳ್ಳು ನುಂಗತಾವು, ಅದನ್ನ ಮರೀಬ್ಯಾಡ್ರಿ.

ಪ್ಲಾಸ್ಟಿಕ್ ಹುಲ್ಲು ಬಿಸಿಲಾಗ ಭಾಳ ಕಾಯತೈತಿ, ನಾನಂತೂ ಹಾಕ್ಸಂಗಿಲ್ಲ.

ಬಾಡಿಗಿ ಮನಿ, ದೊಡ್ಡ ನಾಯಿ ಇದ್ರ ಗರಸು. ಬೇವಿನ ನೆರಳು ಇದ್ದು ಎರಡ್ಮೂರು ನಾಯಿ ಇದ್ರ ಫರ್ಸಿ. ಬೋರ್ ನೀರು ಸಾಕಷ್ಟಿದ್ದು ಒಂದ ನಾಯಿ, ಅದೂ ವಯಸ್ಸಾಗಿ ಕೀಲು ನೋವು ಇದ್ರ ಹುಲ್ಲ ಹಾಕ್ರಿ.