ಖಾಲಿ ಕಂಟೇನರ್ ಒಳಗೆ ಇಣುಕದೆ ಸರಕು ತುಂಬಬೇಡಿ

ಹಡಗಿನಲ್ಲಿ ಮೊದಲ ಸಲ ಸರಕು ಕಳಿಸುವವರು ದಯವಿಟ್ಟು ಓದಿ. ನಮ್ಮ ಕಾಗದದ ಸರಕು ರಟ್ಟಿನ ಪೆಟ್ಟಿಗೆಗಳಲ್ಲಿ, ಒಂದು 20 ಅಡಿ ಕಂಟೇನರ್‌ನಲ್ಲಿ ಹೋಯಿತು. ಸರಕು ತಲುಪಿದ ಮೇಲೆ ಬಾಗಿಲು ತೆರೆದಾಗ ಮೇಲಿನ ಸಾಲುಗಳೆಲ್ಲ ಒದ್ದೆ. ಒಂದು ಮೂಲೆಯಲ್ಲಿ ಬೂಷ್ಟು ಬೇರೆ. ಸೀಲ್ ಮಾತ್ರ ಗಟ್ಟಿಯಾಗಿತ್ತು!

"ಸ್ಟ್ಯಾಂಡರ್ಡ್ ಕಂಟೇನರ್ ಸಾರ್, ನೋಡೋಕೆ ಏನಿದೆ?" ಎಂದು ಏಜೆಂಟ್ ಹೇಳಿದ್ದ. ಈ ಮಾತನ್ನು ನಂಬಬೇಡಿ. ಐಎಸ್ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಅಳತೆ ಇರುವುದು ಮುಖ್ಯವಾಗಿ ಹೊರಗಿನವರ ಅನುಕೂಲಕ್ಕೆ. ಅಗಲ 8 ಅಡಿ, ಎಂಟು ಮೂಲೆಗೂ ಒಂದೇ ಥರದ, ತೂತುಗಳಿರುವ ಉಕ್ಕಿನ ಗಟ್ಟಿಗಳು. ಕ್ರೇನ್, ಲಾರಿ, ರೈಲು, ಹಡಗು ಎಲ್ಲವೂ ಹಿಡಿಯುವುದು ಅವನ್ನೇ. ಬಾಗಿಲಿನ ಮೇಲಿನ ಸಿಎಸ್‌ಸಿ ಫಲಕ (ಕಂಟೇನರ್ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದ ಫಲಕ) ಹೇಳುವುದೂ ತೂಕ, ಪೇರಿಸುವ ಬಲ ಇಂಥದ್ದನ್ನೇ. ಹೊಸದಿದ್ದಾಗ ನೀರು ಸೋರದಂತೆ ಪರೀಕ್ಷೆ ಆಗಿರುತ್ತದೆ, ನಿಜ. ಆಮೇಲೆ ವರ್ಷಗಟ್ಟಲೆ ಉಪ್ಪುಗಾಳಿ, ಏಟು, ತುಕ್ಕು.

ನಮಗೆ ಎರಡು ಥರದ ನೀರು ಕಾಟ ಕೊಟ್ಟಿತು. ಬೂಷ್ಟು ಹಿಡಿದ ಮೂಲೆಯಲ್ಲಿ ಚಾವಣಿಗೆ ಸಣ್ಣ ತೂತು. ಉಳಿದೆಡೆ ನೀರು ಬಂದದ್ದು ಒಳಗಿಂದಲೇ. ಪ್ಲೈವುಡ್ ನೆಲ ಅಥವಾ ಮರದ ಪ್ಯಾಲೆಟ್ ಹಸಿಯಾಗಿದ್ದರೆ ಬಿಸಿಲಿಗೆ ಆ ತೇವ ಆವಿಯಾಗುತ್ತದೆ. ರಾತ್ರಿ ಚಾವಣಿಯ ತಗಡು ತಣ್ಣಗಾದಾಗ ಹನಿಯಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಇದಕ್ಕೆ 'ಕಂಟೇನರ್ ಮಳೆ' ಅಂತಾರೆ. ತೂತೇ ಇಲ್ಲದಿದ್ದರೂ ಇದು ಸುರಿಯುತ್ತದೆ.

ತುಂಬುವ ಮೊದಲು ಒಳಗೆ ಹೋಗಿ ನಿಲ್ಲಿ. ಹೊರಗಿದ್ದವರಿಗೆ ಎರಡೂ ಬಾಗಿಲು ಮುಚ್ಚಲು ಹೇಳಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಬೇರೆ ಕಂಟೇನರ್ ಕೇಳಿ. ಬಾಗಿಲ ರಬ್ಬರ್ ಹರಿದಿದೆಯಾ ನೋಡಿ, ನೆಲದ ತೇವವನ್ನು ಮೀಟರ್ ಇಟ್ಟು ಅಳೆಯಿರಿ. ತೇವ ಹೀರುವ ಚೀಲ ನೇತುಹಾಕುವುದು ಒಳ್ಳೆಯದೇ, ಆದರೆ ಹಸಿ ನೆಲಕ್ಕೆ ಅದು ಸಾಲದು.

ಎತ್ತರದ ಸರಕಿದ್ದರೆ ಇನ್ನೊಂದು ವಿಷಯ: ಒಳಗೆ ಸುಮಾರು 2.39 ಮೀಟರ್ ಇದ್ದರೂ ಬಾಗಿಲು ಸುಮಾರು 2.28 ಮಾತ್ರ.

ನಮ್ಮ ಕ್ಲೇಮ್ ಬಿದ್ದುಹೋಗಿದ್ದು ರಸೀದಿಯಿಂದ. ಖಾಲಿ ಕಂಟೇನರ್ ಪಡೆಯುವಾಗ ಲಾರಿ ಚಾಲಕನ ಕೈಲಿ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಯಾವ ದೋಷವೂ ಬರೆದಿರಲಿಲ್ಲ. ತೂತು ಆಮೇಲೆ ಆಗಿದ್ದು ಎಂದು ಹಡಗು ಕಂಪನಿಯವರು ಹೇಳಿಬಿಟ್ಟರು. ಹನಿ ನೀರಿನ ಹಾನಿ ಪಾಲಿಸಿಗೆ ಬರಲ್ಲ ಎಂದು ವಿಮೆಯವರೂ ಕೈತೊಳೆದುಕೊಂಡರು. ಹಾನಿ ಪರಿಶೀಲಿಸುವ ಸರ್ವೇಯರ್ ಬರುವ ತನಕ ಕಂಟೇನರ್ ವಾಪಸ್ ಕೊಡುವಂತಿಲ್ಲ, ಉಚಿತ ದಿನಗಳು ಮುಗಿದ ಮೇಲೆ ದಿನದ ಲೆಕ್ಕದಲ್ಲಿ ಡಿಟೆನ್ಶನ್ ಶುಲ್ಕ. ಅದನ್ನೂ ನಾವೇ ಕಟ್ಟಿದೆವು. ಈಗ ಚಾಲಕನಿಗೆ ಮೊದಲೇ ಹೇಳಿರುತ್ತೇವೆ: ಚಾವಣಿ, ನೆಲ, ರಬ್ಬರ್, ಕಂಟೇನರ್ ನಂಬರ್ ಎಲ್ಲದರ ಫೋಟೋ ಬಂದ ಮೇಲೆಯೇ ಸಹಿ.