ನಡೆಯೋದಕ್ಕೆ ತ್ವಿಲರಿ, ಕೂರೋದಕ್ಕೆ ಲಕ್ಸೆಂಬರ್ಗ್

ಪ್ಯಾರಿಸ್ಸಿಗೆ ಹೋದವರಲ್ಲಿ ತ್ವಿಲರಿ ತೋಟ ನೋಡಬೇಕೆಂದೇ ಹೋಗುವವರು ಕಡಿಮೆ. ಲೂವ್ರ್ ಮ್ಯೂಸಿಯಂ ಸುತ್ತಿ ಸುಸ್ತಾಗಿ, ಕಾಲೆಳೆದುಕೊಂಡು ತೋಟ ದಾಟುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದೆ, ಅದೂ ಮಟಮಟ ಮಧ್ಯಾಹ್ನ. ನಡುದಾರಿಯ ಬಿಳಿ ಜಲ್ಲಿ ಕಣ್ಣು ಕುಕ್ಕುತ್ತಿತ್ತು. ಹತ್ತೇ ನಿಮಿಷಕ್ಕೆ ಕರಿ ಶೂ ಬೂದಿ ಬಣ್ಣಕ್ಕೆ ತಿರುಗಿತು. ನೆರಳಿಗೆಂದು ಮರಗಳ ಸಾಲಿಗೆ ಸರಿದರೆ ತೋಟದ ನಕ್ಷೆಯೇ ಮರೆ.

ಮಾರನೇ ದಿನ ಸಂಜೆ ಹೋದೆ. ಅದೇ ತೋಟವಾ ಇದು ಅನ್ನಿಸಿತು. 1664ರಲ್ಲಿ ತೋಟದ ವಿನ್ಯಾಸಕಾರ ಆಂದ್ರೆ ಲ ನೋತ್ರ್ ಇದಕ್ಕೆ ಹೊಸ ರೂಪ ಕೊಟ್ಟಾಗ ಎಳೆದ ನೇರ ಗೆರೆ ಪಶ್ಚಿಮಕ್ಕೆ ಓಡುತ್ತದೆ; ಇಳಿಬಿಸಿಲು ಆ ಗೆರೆಯಗುಂಟ ಎದುರಿನಿಂದಲೇ ಬರುತ್ತದೆ. ಲೂವ್ರ್ ಕಡೆಯ ದುಂಡು ಕೊಳದ ಬಳಿ ನಿಂತರೆ, ಆ ತುದಿಯ ಎಂಟು ಮೂಲೆಯ ಕೊಳವೂ ಇಷ್ಟೇ ಇರಬೇಕು ಅನ್ನಿಸುತ್ತದೆ. ನಡೆದು ಹೋದಾಗ ಗೊತ್ತಾಯಿತು, ಅದು ಇದಕ್ಕಿಂತ ಎಷ್ಟೋ ದೊಡ್ಡದು. ದೂರದಲ್ಲಿದ್ದರೂ ಚಿಕ್ಕದಾಗಿ ಕಾಣದ ಹಾಗೆ ಹೂಡಿದ ಆಟ. ಅಲ್ಲಿಂದ ತಿರುಗಿ ನೋಡಿದರೆ ಗುಟ್ಟು ರಟ್ಟು: ದುಂಡು ಕೊಳ ಒಂದು ಮಿಣುಕು ಗೆರೆ, ಅಷ್ಟೇ. ಈ ಆಟ ನೋಡಲಿಕ್ಕಿದ್ದ ತ್ವಿಲರಿ ಅರಮನೆ ಮಾತ್ರ 1871ರಲ್ಲಿ ಸುಟ್ಟುಹೋಯಿತು.

ಪ್ಯಾರಿಸ್ಸಿನದೇ ಇನ್ನೊಂದು ತೋಟ ಲಕ್ಸೆಂಬರ್ಗ್, ಸೆನ್ ನದಿಯ ಆಚೆ ದಡದಲ್ಲಿದೆ. 1612ರಲ್ಲಿ ರಾಣಿ ಮಾರಿ ದ ಮೆದಿಚಿ ಶುರು ಮಾಡಿಸಿದ್ದು. ಅಲ್ಲಿನ ಅರಮನೆಯಲ್ಲಿ ಈಗ ಫ್ರಾನ್ಸ್ ಸಂಸತ್ತಿನ ಮೇಲ್ಮನೆ ಸೆನೆಟ್ ಇದೆ. ಇಲ್ಲೂ ಎಂಟು ಮೂಲೆಯ ಕೊಳ, ಅಳತೆಗೆ ಕತ್ತರಿಸಿದ ಮರ. ಆದರೆ ನಡೆಯುವ ಮನಸ್ಸೇ ಬರುವುದಿಲ್ಲ. ಹಸಿರು ಲೋಹದ ಕುರ್ಚಿಗಳು ಅಲ್ಲಲ್ಲಿ ಬಿದ್ದಿರುತ್ತವೆ. ಬೇಕಾದ ಕಡೆ ಎಳೆದುಕೊಂಡು ಕೂರಬಹುದು. ಬೆನ್ನು ಚಾಚುವ ತಗ್ಗು ಕುರ್ಚಿ ಸಿಕ್ಕರೆ ಬಿಡಬೇಡಿ, ಎದ್ದ ಕ್ಷಣಕ್ಕೆ ಇನ್ನೊಬ್ಬರದ್ದು. ಕೊಳದಲ್ಲಿ ಮಕ್ಕಳು ಬಾಡಿಗೆ ಆಟದ ಹಾಯಿದೋಣಿಯನ್ನು ಕೋಲಿನಿಂದ ತಳ್ಳುತ್ತಾರೆ. ಗಾಳಿ ನಿಂತು ಒಂದು ದೋಣಿ ನಟ್ಟನಡುವೆ ಸಿಕ್ಕಿಕೊಂಡಿತು. ಪುಟ್ಟ ಹುಡುಗಿಯೊಬ್ಬಳು ಕೋಲು ಹಿಡಿದು ದಂಡೆ ಸುತ್ತ ಮೂರು ಸಲ ಓಡಿದಳು. ಕೋಲು ಎಲ್ಲಿಂದಲೂ ಎಟುಕಲಿಲ್ಲ. ಅರ್ಧ ಗಂಟೆ ನನಗೆ ಅದೇ ಕೆಲಸ, ನೋಡುವುದು.

ಎರಡಕ್ಕೂ ಟಿಕೆಟ್ ಇಲ್ಲ. ಬೇಸಿಗೆಯಲ್ಲಿ ಒಂದೇ ದಿನ ಇದ್ದರೆ ಮಧ್ಯಾಹ್ನ ಲಕ್ಸೆಂಬರ್ಗ್, ಹೊತ್ತು ಇಳಿದ ಮೇಲೆ ತ್ವಿಲರಿ. ಒಂದನ್ನೇ ಆರಿಸು ಅಂದರೆ ಲಕ್ಸೆಂಬರ್ಗೇ. ಬಾಗಿಲು ಹಾಕುವ ಹೊತ್ತಿಗೆ ಕಾವಲಿನವರು ಸೀಟಿ ಊದುತ್ತಾ ಬರುವ ತನಕ ನಾನು ಆ ತಗ್ಗು ಕುರ್ಚಿ ಬಿಟ್ಟು ಏಳಲಿಲ್ಲ.